ಪ್ರಗತಿ ಪತ್ರದಲ್ಲಿ ‘ಬಿ ಪ್ಲಸ್’ ಇದೆ, ಮಗು ಪಾಸಾಗುತ್ತದೆಯೇ?

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಒಂದು ಆದಿತ್ಯವಾರ ಹತ್ತನೇ ತರಗತಿಯ ಮಕ್ಕಳಿಗಾಗಿ ವಿಶೇಷ ಬಲಿಪೂಜೆ ಇರುತ್ತದೆ. ಮಕ್ಕಳು ಪೆನ್ನು, ಹಾಲ್ ಟಿಕೆಟ್ ಹಿಡಿದು ಪೀಠದ ಮುಂದೆ ನಿಲ್ಲುತ್ತಾರೆ, ಧರ್ಮಗುರುಗಳು ಆಶೀರ್ವದಿಸುತ್ತಾರೆ. ಪೂಜೆ ಮುಗಿದು ಇಗರ್ಜಿಯ ಅಂಗಳಕ್ಕೆ ಬಂದಾಗ ಹೆತ್ತವರ ನಡುವೆ ಪ್ರತಿ ವರ್ಷ ಒಂದೇ ಬಗೆಯ ಮಾತು ನಮ್ಮ ಕಿವಿಗೆ ಬೀಳುತ್ತದೆ: “ಎಂಟರಲ್ಲಿ ಎಲ್ಲದರಲ್ಲೂ ಬಿ ಪ್ಲಸ್ ಇತ್ತು. ಈಗ ಟೀಚರ್ ಕರೆದು, ಗಣಿತದಲ್ಲಿ ಪಾಸಾಗುವುದು ಕಷ್ಟ ಅನ್ನುತ್ತಾರೆ. ಎರಡು ವರ್ಷದಲ್ಲಿ ಮಗು ಅಷ್ಟು ಹಿಂದೆ ಬಿತ್ತಾ?”

ಹೆಚ್ಚಿನ ಸಂದರ್ಭಗಳಲ್ಲಿ ಮಗು ಹಿಂದೆ ಬಿದ್ದಿರುವುದಿಲ್ಲ. ಎಂಟರಲ್ಲಿ ಎಲ್ಲಿತ್ತೋ ಹತ್ತರಲ್ಲೂ ಅಲ್ಲೇ ಇರುತ್ತದೆ. ಅಳೆಯುವ ಕೋಲು ಬದಲಾಗಿರುತ್ತದೆ, ಅಷ್ಟೇ. ಪ್ರಗತಿ ಪತ್ರದಲ್ಲಿ ಬರೆಯುವ ಅಕ್ಷರ ಯಾವ ಲೆಕ್ಕದಿಂದ ಬರುತ್ತದೆ ಎಂಬುದನ್ನು ಹೆತ್ತವರಿಗೆ ಕುಳಿತು ಬಿಡಿಸಿ ಹೇಳುವವರು ಕಡಿಮೆ. ಶಾಲೆಯ ಸಭೆಯಲ್ಲಿ ಸಮಯ ಸಾಲುವುದಿಲ್ಲ. ಮನೆಯಲ್ಲಿ ತಾಯಿ ಬೀಡಿ ಕಟ್ಟುವ ಸೂಪಿನ ಮೇಲೇ ಪತ್ರವನ್ನಿಟ್ಟು ಸಹಿ ಹಾಕುತ್ತಾಳೆ. ತಂದೆ ಗಲ್ಫಿನಲ್ಲಿದ್ದರೆ ವಾಟ್ಸಾಪಿನಲ್ಲಿ ಫೋಟೋ ಹೋಗುತ್ತದೆ, ಅತ್ತ ಕಡೆಯಿಂದ ಹೆಬ್ಬೆರಳು ಎತ್ತಿದ ಚಿತ್ರ ಬರುತ್ತದೆ. ಆದುದರಿಂದ ಈ ಬಾರಿ ನಾವು ಆ ಪತ್ರವನ್ನೇ ಮುಂದಿಟ್ಟುಕೊಂಡು, ರಾಜ್ಯ ಪಠ್ಯಕ್ರಮದ ಪ್ರೌಢಶಾಲೆಗಳಲ್ಲಿ ಅಂಕ ಮತ್ತು ಶ್ರೇಣಿ ಹೇಗೆ ಬರುತ್ತವೆ ಎಂದು ವಿವರಿಸಲು ಹೊರಟಿದ್ದೇವೆ. ಹೆತ್ತವರು ಮಾತ್ರವಲ್ಲ, ವಾಳೆಯ ಗುರಿಕಾರರು, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರು, ಕ್ರೈಸ್ತ ಶಿಕ್ಷಣದ ಶಿಕ್ಷಕರು ಕೂಡ ಇದನ್ನು ಓದಬೇಕೆಂಬುದು ನಮ್ಮ ಆಸೆ.

ಕೆಂಪು ಶಾಯಿಯಿಂದ ಅಕ್ಷರಗಳ ಕಡೆಗೆ

ನಾವು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಪ್ರೋಗ್ರೆಸ್ ಕಾರ್ಡು ಎಂದರೆ ಗಟ್ಟಿ ಕಾಗದದ ಒಂದು ಮಡಿಕೆ. ಕಿರು ಪರೀಕ್ಷೆ, ಅರ್ಧವಾರ್ಷಿಕ, ವಾರ್ಷಿಕ ಎಂದು ಕಾಲಂಗಳು. ನೂರಕ್ಕೆ ಮೂವತ್ತೈದಕ್ಕಿಂತ ಕಡಿಮೆ ಬಂದರೆ ಮಾಸ್ತರರು ಅದರಡಿ ಕೆಂಪು ಗೆರೆ ಎಳೆಯುತ್ತಿದ್ದರು. ಓದು ಬರಹ ಬಾರದ ಅಜ್ಜಿಗೂ ಆ ಗೆರೆ ಅರ್ಥವಾಗುತ್ತಿತ್ತು. ಅದರಿಂದ ಬೆನ್ನಿಗೆ ಪೆಟ್ಟು ಬಿದ್ದದ್ದೂ ಹೌದು, ಆ ಕಾಲವೇ ಚೆನ್ನಾಗಿತ್ತು ಎಂದು ನಾವು ಹೇಳುತ್ತಿಲ್ಲ. ಮೂರು ಗಂಟೆಯ ಪರೀಕ್ಷೆಯಲ್ಲಿ ಬರೆಯಲಾಗದ, ಆದರೆ ಬಾಯಲ್ಲಿ ಚೆನ್ನಾಗಿ ಹೇಳಬಲ್ಲ, ಕೈಯಲ್ಲಿ ಮಾಡಿ ತೋರಿಸಬಲ್ಲ ಎಷ್ಟೋ ಮಕ್ಕಳು ಆ ಕೆಂಪು ಗೆರೆಯಿಂದಾಗಿ ಶಾಲೆ ಬಿಟ್ಟರು.

ಇದನ್ನು ಸರಿಪಡಿಸಬೇಕೆಂಬ ಚಿಂತನೆ ದೇಶದಲ್ಲಿ ಬಹಳ ಕಾಲದಿಂದ ಇತ್ತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಪರೀಕ್ಷೆಯ ಭಯವನ್ನು ತಗ್ಗಿಸಬೇಕೆಂದು ಹೇಳಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಎಂಟನೇ ತರಗತಿಯ ವರೆಗೆ ‘ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ’ ಇರಬೇಕೆಂದಿತು. ಶಿಕ್ಷಕರು ಇದನ್ನು ಚುಟುಕಾಗಿ ಸಿಸಿಇ ಎನ್ನುತ್ತಾರೆ. ನಿರಂತರ ಎಂದರೆ ವರ್ಷವಿಡೀ ಗಮನಿಸುವುದು. ವ್ಯಾಪಕ ಎಂದರೆ ಪಾಠದ ಜೊತೆಗೆ ಆಟ, ಕಲೆ, ನಡತೆಯನ್ನೂ ನೋಡುವುದು. ಅದಕ್ಕಾಗಿಯೇ ಇಂದಿನ ಪ್ರಗತಿ ಪತ್ರದಲ್ಲಿ ಭಾಗ ಎ, ಭಾಗ ಬಿ ಎಂಬ ಎರಡು ಪಾಲುಗಳಿರುತ್ತವೆ. ಎ ಪಾಠದ ವಿಷಯಗಳಿಗೆ, ಬಿ ಸಹಪಠ್ಯಕ್ಕೆ. ಭಾಗ ಬಿಯಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಒಳ್ಳೆಯ ಅಕ್ಷರವೇ ಸಿಗುತ್ತದೆ. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಭಾಗ ಎಯಲ್ಲಿ ವರ್ಷಕ್ಕೆ ಆರು ಮೌಲ್ಯಮಾಪನಗಳು. ನಾಲ್ಕು ‘ರೂಪಣಾತ್ಮಕ’, ಎರಡು ‘ಸಂಕಲನಾತ್ಮಕ’. ಮಕ್ಕಳ ಬಾಯಲ್ಲಿ ಇವು ಎಫ್‌ಎ ಮತ್ತು ಎಸ್‌ಎ. ಹೆಸರು ಗಡಸಾದರೂ ವಿಷಯ ಸುಲಭ. ಎಫ್‌ಎ ಎಂದರೆ ಕಲಿಯುತ್ತಿರುವಾಗಲೇ ನೋಡುವುದು: ಚಟುವಟಿಕೆ, ಯೋಜನೆ, ಸಣ್ಣ ಪರೀಕ್ಷೆ. ಎಸ್‌ಎ ಎಂದರೆ ಒಂದು ಅವಧಿ ಮುಗಿದ ಮೇಲೆ ಕುಳಿತು ಬರೆಯುವ ದೊಡ್ಡ ಪರೀಕ್ಷೆ. ಮೊದಲಿನ ಅರ್ಧವಾರ್ಷಿಕ, ವಾರ್ಷಿಕಗಳ ಹೊಸ ಹೆಸರು ಎಂದುಕೊಂಡರೂ ತಪ್ಪಿಲ್ಲ. ಎಂಟನೇ ತರಗತಿಯ ವರೆಗಿನ ಲೆಕ್ಕದಲ್ಲಿ ನಾಲ್ಕು ಎಫ್‌ಎಗಳಿಗೆ ತಲಾ 15, ಎರಡು ಎಸ್‌ಎಗಳಿಗೆ ತಲಾ 20, ಒಟ್ಟು ನೂರು. ಅಂದರೆ ನೂರರಲ್ಲಿ 60 ಪಾಲು ಎಫ್‌ಎಯದ್ದು, ಕುಳಿತು ಬರೆಯುವ ದೊಡ್ಡ ಪರೀಕ್ಷೆಯದ್ದು 40 ಮಾತ್ರ. ಈ 60 ಮತ್ತು 40ನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಹತ್ತನೇ ತರಗತಿಗೆ ಬಂದಾಗ ಇದು ತಲೆಕೆಳಗಾಗುತ್ತದೆ.

ಒಂದೇ ಹುಡುಗ, ಎರಡು ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹುಡುಗ ನಾವು ಕಲ್ಪಿಸಿಕೊಂಡವನು. ಆದರೆ ಇಂಥವರು ಪ್ರತಿ ವಾಳೆಯಲ್ಲೂ ಒಬ್ಬಿಬ್ಬರು ಇದ್ದಾರೆ. ವಿಷಯ ಗಣಿತ. ಹುಡುಗ ಶಾಂತ ಸ್ವಭಾವದವನು, ಹೇಳಿದ ಕೆಲಸ ತಪ್ಪಿಸುವುದಿಲ್ಲ, ಚಾರ್ಟು ಚೆನ್ನಾಗಿ ಮಾಡಿ ತರುತ್ತಾನೆ. ಆದರೆ ಭಿನ್ನರಾಶಿ ಐದನೇ ತರಗತಿಯಲ್ಲೇ ಕೈತಪ್ಪಿತ್ತು, ಆಮೇಲೆ ಸಿಗಲೇ ಇಲ್ಲ.

ಎಂಟನೇ ತರಗತಿಯಲ್ಲಿ ಅವನಿಗೆ ಪ್ರತಿ ಎಫ್‌ಎಯಲ್ಲಿ 15ಕ್ಕೆ 10 ಬರುತ್ತದೆ, ಏಕೆಂದರೆ ಚಟುವಟಿಕೆಯಲ್ಲಿ ಅವನು ಜಾಣ. ನಾಲ್ಕು ಸೇರಿ 40. ಎರಡು ಎಸ್‌ಎಗಳಲ್ಲಿ 20ಕ್ಕೆ ತಲಾ 6, ಒಟ್ಟು 12. ಎಲ್ಲ ಕೂಡಿಸಿದರೆ ನೂರಕ್ಕೆ 52. ಸಿಸಿಇ ಶ್ರೇಣಿಯ ಪ್ರಕಾರ 90ರಿಂದ ಮೇಲೆ ಎ ಪ್ಲಸ್, 70ರಿಂದ 89 ಎ, 50ರಿಂದ 69 ಬಿ ಪ್ಲಸ್, 30ರಿಂದ 49 ಬಿ, ಅದಕ್ಕಿಂತ ಕೆಳಗೆ ಸಿ. ನಮ್ಮ ಹುಡುಗನಿಗೆ ಬಿ ಪ್ಲಸ್. ಮನೆಯಲ್ಲಿ ಎಲ್ಲರಿಗೂ ಸಂತೋಷ. ಕುಳಿತು ಬರೆದ ಪರೀಕ್ಷೆಯಲ್ಲಿ ಅವನು ತೆಗೆದದ್ದು ಶೇ 30 ಎಂಬುದು ಆ ಅಕ್ಷರದೊಳಗೆ ಮುಚ್ಚಿಹೋಯಿತು.

ಈಗ ಅವನು ಹತ್ತನೇ ತರಗತಿಗೆ ಬಂದ. 2014-15ರ ಸಾಲಿನಿಂದ ಎಸ್ಸೆಸ್ಸೆಲ್ಸಿಯಲ್ಲಿ ಲಿಖಿತ ಪರೀಕ್ಷೆಗೆ 80, ಶಾಲೆಯಲ್ಲೇ ಕೊಡುವ ಆಂತರಿಕ ಅಂಕಕ್ಕೆ 20 ಎಂಬ ಪದ್ಧತಿ ಬಂತು. ಪ್ರಥಮ ಭಾಷೆಗೆ ಮಾತ್ರ 100 ಮತ್ತು 25. ಹೀಗೆ ಆರು ವಿಷಯ ಸೇರಿ 625 ಆಗುತ್ತದೆ. ಆಂತರಿಕ ಅಂಕ ಬರುವುದು ಮತ್ತೆ ನಾಲ್ಕು ಎಫ್‌ಎಗಳಿಂದಲೇ. ಒಂದು ಎಫ್‌ಎಗೆ 50 ಅಂಕ: ಎರಡು ಚಟುವಟಿಕೆಗಳಿಗೆ ತಲಾ 15, ಕಿರು ಪರೀಕ್ಷೆಗೆ 20. ನಾಲ್ಕರ ಮೊತ್ತ 200, ಅದನ್ನು 20ಕ್ಕೆ ಇಳಿಸುತ್ತಾರೆ, ಪ್ರಥಮ ಭಾಷೆಯಾದರೆ 25ಕ್ಕೆ.

ನಮ್ಮ ಹುಡುಗ ಚಟುವಟಿಕೆಗಳಲ್ಲಿ 14 ಮತ್ತು 14 ತೆಗೆದ. ಕಿರು ಪರೀಕ್ಷೆಯಲ್ಲಿ 20ಕ್ಕೆ 6. ಒಟ್ಟು 50ಕ್ಕೆ 34. ಹೀಗೆಯೇ ನಾಲ್ಕು ಬಾರಿ ಆದರೆ 136, ಇಳಿಸಿದಾಗ 14. ಲಿಖಿತ ಪರೀಕ್ಷೆಯಲ್ಲಿ ಅವನ ಅದೇ ಹಳೆಯ ಶೇ 30, ಅಂದರೆ 80ಕ್ಕೆ 24. ಒಟ್ಟು 38.

2024-25ರ ವರೆಗಿನ ನಿಯಮದಲ್ಲಿ ಈ ಹುಡುಗ ನಪಾಸು. ಒಟ್ಟು 35 ದಾಟಿದ್ದರೂ ಲಿಖಿತದಲ್ಲಿ 80ಕ್ಕೆ ಕನಿಷ್ಠ 28 ಬೇಕಿತ್ತು. ಶಿಕ್ಷಕರು ‘ಇಪ್ಪತ್ತೆಂಟು, ಇಪ್ಪತ್ತೆಂಟು’ ಎಂದು ಜಪ ಮಾಡುತ್ತಿದ್ದದ್ದು ಇದಕ್ಕಾಗಿಯೇ. ಎಂಟರಲ್ಲಿ ಬಿ ಪ್ಲಸ್ ಇದ್ದವನು ಹತ್ತರಲ್ಲಿ ನಪಾಸಾದ ಕಥೆ ಇಷ್ಟೇ. ಅವನು ಸೋಮಾರಿಯಾಗಲಿಲ್ಲ, ಮೊಬೈಲು ಹಾಳು ಮಾಡಲಿಲ್ಲ. 60ಕ್ಕೆ 40ರ ಲೆಕ್ಕ 20ಕ್ಕೆ 80 ಆಯಿತು.

ಇನ್ನು ಹೊಸ ನಿಯಮ. 2025ರ ಅಕ್ಟೋಬರಿನಲ್ಲಿ ರಾಜ್ಯ ಸರಕಾರ ಉತ್ತೀರ್ಣತೆಯ ಅಂಕವನ್ನು ಇಳಿಸಿರುವುದಾಗಿ ಪ್ರಕಟಿಸಿತು. 2025-26ರ ಸಾಲಿನಿಂದ ಆಂತರಿಕ ಅಂಕವೂ ಸೇರಿ 625ರಲ್ಲಿ 206, ಅಂದರೆ ಶೇ 33, ಬಂದರೆ ಸಾಕು. ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಇರಬೇಕು. ಈ ಲೆಕ್ಕದಲ್ಲಿ ನಮ್ಮ ಹುಡುಗನ 38 ಗಣಿತಕ್ಕೆ ಸಾಕು. ಅವನು ಪಾಸು. ಒಂದು ಲೆಕ್ಕವನ್ನೂ ಹೆಚ್ಚಿಗೆ ಕಲಿಯದೆ ಪಾಸು.

ಈ ನಿಯಮವನ್ನು ನಾವು ಪೂರ್ತಿಯಾಗಿ ಹಳಿಯುವುದಿಲ್ಲ. ಕೇಂದ್ರೀಯ ಪಠ್ಯಕ್ರಮದಲ್ಲೂ ಹತ್ತನೇ ತರಗತಿಗೆ ಶೇ 33 ಇದೆ. ನಾಲ್ಕು ಅಂಕಕ್ಕಾಗಿ ಹದಿನಾರು ವರ್ಷದ ಮಗುವಿನ ಓದೇ ನಿಂತುಹೋಗುವುದು ನ್ಯಾಯವಲ್ಲ. ಆದರೆ ಹೆತ್ತವರು ಒಂದು ಮಾತು ತಿಳಿಯಬೇಕು. ಮೊದಲು ನಪಾಸು ಎಂಬ ಶಬ್ದವಾದರೂ ಎಚ್ಚರಿಕೆ ಕೊಡುತ್ತಿತ್ತು, ಇನ್ನು ಅದೂ ಇರುವುದಿಲ್ಲ. ಆಂತರಿಕ ಅಂಕ ಪೂರ್ತಿ 20 ಸಿಕ್ಕಿದ ಮಗು ವಿಷಯದ 30ರ ಗಡಿ ತಲುಪಲು ಲಿಖಿತದಲ್ಲಿ 80ಕ್ಕೆ ಹತ್ತು ತೆಗೆದರೆ ಲೆಕ್ಕ ಸರಿಹೋಗುತ್ತದೆ. ಆ ಹತ್ತರೊಂದಿಗೆ ಅದು ಪಿಯುಸಿಗೆ ಹೋಗಿ ವಿಜ್ಞಾನವನ್ನೋ ಲೆಕ್ಕಶಾಸ್ತ್ರವನ್ನೋ ತೆಗೆದುಕೊಂಡರೆ, ಅಲ್ಲಿ ಅದರ ಗತಿ ಏನು? ಕಾಲೇಜಿನ ಫೀಸು, ಪುಸ್ತಕ, ಬಸ್ಸಿನ ಪಾಸು ಎಲ್ಲ ಮುಗಿದ ಮೇಲೆ ಪ್ರಥಮ ಪಿಯುಸಿಯಲ್ಲಿ ಗೊತ್ತಾಗುವುದಕ್ಕಿಂತ ಎಂಟನೇ ತರಗತಿಯ ದಸರಾ ರಜೆಯಲ್ಲಿ ಗೊತ್ತಾಗುವುದು ಮೇಲಲ್ಲವೇ?

ಚಾರ್ಟ್ ಪೇಪರಿನ ಮಾತು

ಆಂತರಿಕ ಅಂಕದ ಉದ್ದೇಶ ಒಳ್ಳೆಯದು ಎಂದು ಆಗಲೇ ಹೇಳಿದೆವು. ನಡೆಯುವುದು ಹೇಗೆ ಎಂಬುದೂ ಎಲ್ಲರಿಗೂ ಗೊತ್ತಿರುವುದೇ. ಒಂದು ತರಗತಿಯಲ್ಲಿ ಐವತ್ತು ಮಕ್ಕಳು, ಆರು ವಿಷಯ, ಪ್ರತಿ ವಿಷಯಕ್ಕೆ ಎಫ್‌ಎಗೆ ಎರಡು ಚಟುವಟಿಕೆ. ವಿಷಯ ಶಿಕ್ಷಕಿಗೆ ಮೂರು ತರಗತಿ ಇದ್ದರೆ ವರ್ಷಕ್ಕೆ ಎಷ್ಟು ಚಟುವಟಿಕೆ ನೋಡಬೇಕಾಯಿತು ಎಂದು ನೀವೇ ಗುಣಿಸಿ ನೋಡಿ. ಅದರ ಮೇಲೆ ಎಲ್ಲವನ್ನೂ ವಹಿಯಲ್ಲಿ ಬರೆದು, ಸರಕಾರದ ಸ್ಯಾಟ್ಸ್ ಜಾಲದಲ್ಲಿ ತುಂಬಿಸಬೇಕು. ರಾತ್ರಿ ಹನ್ನೊಂದರ ತನಕ ಕುಳಿತು ಅಂಕ ತುಂಬಿಸುವ ಧರ್ಮಭಗಿನಿಯರನ್ನೂ ಶಿಕ್ಷಕಿಯರನ್ನೂ ನಾವು ಬಲ್ಲೆವು. ಹೀಗಿರುವಾಗ 15ಕ್ಕೆ 13, 14 ಎಂದು ಎಲ್ಲರಿಗೂ ಒಂದೇ ಮಟ್ಟದಲ್ಲಿ ಹಾಕಿಬಿಡುವುದು ಆಶ್ಚರ್ಯದ ಸಂಗತಿಯಲ್ಲ. ಮಗುವಿನ ಫಲಿತಾಂಶ ತಮ್ಮ ಕೈಯಿಂದ ಕೆಡಬಾರದೆಂಬ ಕರುಣೆಯೂ ಅದರಲ್ಲಿದೆ.

ಮನೆಯ ಕಡೆಯಿಂದಲೂ ಅಷ್ಟೇ. ‘ನೀರಿನ ಚಕ್ರ’ದ ಚಾರ್ಟು ಮಾಡಿದ್ದು ಯಾರು? ಚಿತ್ರ ಸಿಕ್ಕಿದ್ದು ಜೆರಾಕ್ಸ್ ಅಂಗಡಿಯಲ್ಲಿ, ಕತ್ತರಿಸಿದ್ದು ಅಮ್ಮ, ಅಂಟಿಸಿದ್ದು ಅಕ್ಕ, ಹೆಸರು ಬರೆದದ್ದು ಮಾತ್ರ ಮಗು. ಅದಕ್ಕೆ ಬಂದ 14 ನಿಜವಾಗಿ ಯಾರಿಗೆ ಬಂದದ್ದು? ಮುಂದಿನ ಬಾರಿ ಕತ್ತರಿ ಎತ್ತುವ ಮೊದಲು ಅಮ್ಮಂದಿರು ಸ್ವಲ್ಪ ಯೋಚಿಸಿದರೆ ಒಳ್ಳೆಯದು. ಚಾರ್ಟು ಸೊಟ್ಟಗಾದರೂ ಪರವಾಗಿಲ್ಲ, ಮಗುವೇ ಮಾಡಿ ಟೀಚರ್ ಎದುರು ನಾಲ್ಕು ಮಾತು ವಿವರಿಸಿದರೆ ಆ ಚಟುವಟಿಕೆಗೆ ಅರ್ಥವಿದೆ.

ಒಂದೇ ಅಕ್ಷರ, ಬೇರೆ ಬೇರೆ ಬೆಲೆ

ಗೊಂದಲಕ್ಕೆ ಇನ್ನೊಂದು ಕಾರಣವಿದೆ. ಸಿಸಿಇಯ ಅಕ್ಷರಗಳು ಮತ್ತು ಎಸ್ಸೆಸ್ಸೆಲ್ಸಿಯ ಅಕ್ಷರಗಳು ನೋಡಲು ಒಂದೇ, ಬೆಲೆ ಬೇರೆ. ಎಸ್ಸೆಸ್ಸೆಲ್ಸಿ ಮಂಡಳಿಯ ಶ್ರೇಣಿಯಲ್ಲಿ 625ಕ್ಕೆ 563 ಮತ್ತು ಅದಕ್ಕಿಂತ ಮೇಲೆ ಎ ಪ್ಲಸ್, 500ರಿಂದ 562 ಎ, 438ರಿಂದ 499 ಬಿ ಪ್ಲಸ್, 375ರಿಂದ 437 ಬಿ, 313ರಿಂದ 374 ಸಿ ಪ್ಲಸ್. ಅದರ ಕೆಳಗೆ, ಶೇ 35ರ ಉತ್ತೀರ್ಣತೆ ಇದ್ದ ವರ್ಷಗಳಲ್ಲಿ, 219ರ ವರೆಗೆ ಸಿ.

ಹೋಲಿಸಿ ನೋಡಿ. ನೂರಕ್ಕೆ 72 ಎಂಟನೇ ತರಗತಿಯಲ್ಲಿ ಎ. ಅದೇ ಶೇ 72, ಅಂದರೆ 450, ಎಸ್ಸೆಸ್ಸೆಲ್ಸಿಯಲ್ಲಿ ಬಿ ಪ್ಲಸ್. ಎಂಟರ ಬಿ ಪ್ಲಸ್ ಆದ 52, ಎಸ್ಸೆಸ್ಸೆಲ್ಸಿಗೆ ಬಂದಾಗ ಸಿ ಪ್ಲಸ್. ಮಗು ಕದಲದೆ ನಿಂತಲ್ಲೇ ನಿಂತಿದ್ದರೂ ಅಕ್ಷರ ಎರಡು ಮೆಟ್ಟಿಲು ಇಳಿಯುತ್ತದೆ. “ಎ ಇದ್ದವಳು ಬಿ ಪ್ಲಸ್‌ಗೆ ಬಂದಳು” ಎಂದು ಬೈಯುವ ಮೊದಲು ಅಂಕ ಎಷ್ಟೆಂದು ಕೇಳಬೇಕು.

ಬೇರೆ ಪಠ್ಯಕ್ರಮದ ಮಕ್ಕಳೊಂದಿಗೆ ಹೋಲಿಸುವುದಂತೂ ಇನ್ನೂ ಕಷ್ಟ. ನಮ್ಮ ಅನೇಕ ಕುಟುಂಬಗಳು ಗಲ್ಫಿನಲ್ಲೋ ಮುಂಬಯಿಯಲ್ಲೋ ಇವೆ. ರೋಸ್, ಮದುವೆ ಎಂದು ಎಲ್ಲರೂ ಊರಲ್ಲಿ ಸೇರಿದಾಗ ಮಕ್ಕಳ ಮಾರ್ಕಿನ ಮಾತು ಬಾರದೆ ಇರುವುದಿಲ್ಲ. ಸಿಬಿಎಸ್‌ಇ ಹತ್ತನೇ ತರಗತಿಯ ‘ಎ ಒನ್’ ಎಂಬುದು ಇಷ್ಟು ಅಂಕದಿಂದ ಇಷ್ಟು ಅಂಕದ ವರೆಗೆ ಎಂಬ ಗಡಿಯಲ್ಲ. ಆ ವಿಷಯದಲ್ಲಿ ಪಾಸಾದ ಎಲ್ಲ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮೇಲಿನ ಎಂಟರಲ್ಲಿ ಒಂದು ಪಾಲಿಗೆ ಎ ಒನ್ ಕೊಡುತ್ತಾರೆ. ಹಾಗಾಗಿ ಒಂದು ವಿಷಯದಲ್ಲಿ ಎ ಒನ್ ತಂದ ಅಂಕ ಇನ್ನೊಂದರಲ್ಲಿ ಎ ಟೂ ಆಗಬಹುದು. ಐಸಿಎಸ್‌ಇಯಲ್ಲಿ ಅಕ್ಷರವೇ ಇಲ್ಲ, 1ರಿಂದ 9ರ ವರೆಗೆ ಅಂಕಿ. ಅಲ್ಲಿ 1 ಎಂದರೆ ಎಲ್ಲಕ್ಕಿಂತ ಉತ್ತಮ. ಇದು ತಿಳಿಯದೆ “ಪಾಪ, ಹುಡುಗನಿಗೆ ಬರೇ ಒಂದಾ?” ಎಂದು ಮರುಗುವವರೂ ಇರಬಹುದು. ಊಟದ ಮೇಜಿನಲ್ಲಿ ಈ ಮೂರನ್ನೂ ಒಂದೇ ತಕ್ಕಡಿಗೆ ಹಾಕಿದರೆ ನೋವಾಗುವುದು ಮಕ್ಕಳಿಗೆ.

ಒಂಬತ್ತನೇ ತರಗತಿ ಎಂಬ ಬಾಗಿಲು

ಎಂಟು ಮತ್ತು ಹತ್ತರ ನಡುವೆ ಒಂಬತ್ತು ಇದೆ. ಇದರ ಬಗ್ಗೆ ಬರೆಯಲು ನಮಗೆ ಸ್ವಲ್ಪ ಸಂಕೋಚ, ಏಕೆಂದರೆ ಮಾತು ನಮ್ಮವರಿಗೂ ತಾಗುತ್ತದೆ.

ಶಿಕ್ಷಣ ಹಕ್ಕು ಕಾಯಿದೆಯ ರಕ್ಷಣೆ ಎಂಟನೇ ತರಗತಿಗೆ ಮುಗಿಯುತ್ತದೆ. ಅಲ್ಲಿಯ ವರೆಗೆ ಯಾರನ್ನೂ ತಡೆಹಿಡಿಯಬಾರದು ಎಂದು ಮೂಲ ಕಾಯಿದೆಯಲ್ಲಿತ್ತು. 2019ರ ತಿದ್ದುಪಡಿಯ ನಂತರ ಐದು ಮತ್ತು ಎಂಟರಲ್ಲಿ ಪರೀಕ್ಷೆ ನಡೆಸಲು ರಾಜ್ಯಗಳಿಗೆ ಅವಕಾಶವಾಯಿತು. ನಮ್ಮ ರಾಜ್ಯದಲ್ಲಿ 2023-24ರಲ್ಲಿ ಐದು, ಎಂಟು, ಒಂಬತ್ತನೇ ತರಗತಿಗಳಿಗೆ ಮಂಡಳಿ ಮಟ್ಟದ ಪರೀಕ್ಷೆ ನಡೆಸಲು ಹೊರಟಾಗ ವಿಷಯ ನ್ಯಾಯಾಲಯಕ್ಕೆ ಹೋಯಿತು. 2024ರ ಮಾರ್ಚಿನಲ್ಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಪರೀಕ್ಷೆ ಬೇಡವೆಂದಿತು, ವಿಭಾಗೀಯ ಪೀಠ ಬೇಕೆಂದಿತು, ಏಪ್ರಿಲ್ 8ರಂದು ಸರ್ವೋಚ್ಚ ನ್ಯಾಯಾಲಯ ಫಲಿತಾಂಶಕ್ಕೆ ತಡೆ ನೀಡಿತು. ಆ ತಿಂಗಳುಗಳಲ್ಲಿ ಮಕ್ಕಳ ಪಾಡು ಹೇಳತೀರದು. ಅರ್ಧ ಪರೀಕ್ಷೆ ಬರೆದು, ಉಳಿದರ್ಧ ಇದೆಯೋ ಇಲ್ಲವೋ ಎಂದು ಕಾಯುತ್ತ ಕುಳಿತರು.

ನ್ಯಾಯಾಲಯದ ಸಂಗತಿ ಹಾಗಿರಲಿ. ಒಂಬತ್ತನೇ ತರಗತಿಯ ಕೊನೆಯಲ್ಲಿ ಶಾಲೆಯ ಕಚೇರಿಗೆ ಕರೆಸಿ, “ನಿಮ್ಮ ಮಗುವಿಗೆ ಇಲ್ಲಿ ಕಷ್ಟವಾಗುತ್ತದೆ, ಬೇರೆ ಕಡೆ ಸೇರಿಸಿ” ಎಂದು ಮೆಲ್ಲನೆ ವರ್ಗಾವಣೆ ಪತ್ರ ಕೈಗೆ ಕೊಡುವ ಅಭ್ಯಾಸ ಕರಾವಳಿಗೆ ಹೊಸತಲ್ಲ. ಕಾರಣ ಎಲ್ಲರಿಗೂ ಗೊತ್ತು. ಮುಂದಿನ ವರ್ಷ ಗೇಟಿನ ಮೇಲೆ ‘ಶೇ 100 ಫಲಿತಾಂಶ’ದ ಬ್ಯಾನರು ತೂಗಬೇಕು. ಆ ಬ್ಯಾನರಿಗಾಗಿ ಹೊರಗೆ ಹೋದ ಮಗುವನ್ನು ಯಾವ ಲೆಕ್ಕದಲ್ಲಿ ಹಿಡಿಯೋಣ? ವರ್ಷವಿಡೀ ಬಿ ಪ್ಲಸ್ ಎಂದು ಬರೆದು ಕಳುಹಿಸಿದ ಶಾಲೆ ಮಾರ್ಚಿನಲ್ಲಿ ಕಷ್ಟ ಎನ್ನುವುದಾದರೆ, ಆ ವರದಿ ವರದಿಯೇ ಅಲ್ಲ. ಇಂಥ ಸಂದರ್ಭದಲ್ಲಿ ಹೆತ್ತವರು ಹೆದರಿ ಪತ್ರ ತೆಗೆದುಕೊಳ್ಳುವ ಬದಲು ಆ ವರ್ಷದ ಎಲ್ಲ ಎಫ್‌ಎ, ಎಸ್‌ಎ ಅಂಕಗಳನ್ನು ತೋರಿಸಿ ಎಂದು ಕೇಳಬೇಕು. ಒಬ್ಬರೇ ಹೋಗಲು ಅಂಜಿಕೆಯಾದರೆ ಗುರಿಕಾರರನ್ನು ಜೊತೆಗೆ ಕರೆದುಕೊಂಡು ಹೋಗಿ. ಧರ್ಮಗುರುಗಳಿಗೆ ತಿಳಿಸಿ. ನಮ್ಮ ಶಾಲೆಗಳನ್ನು ಕಟ್ಟಿದವರು ಬಡ ಮಕ್ಕಳನ್ನು ಒಳಗೆ ಕರೆಯಲು ಕಟ್ಟಿದರು.

ಶೇಕಡಾವಾರು ಎಷ್ಟು ನಂಬಬಹುದು?

ನಮ್ಮ ಎರಡು ಜಿಲ್ಲೆಗಳು ಎಸ್ಸೆಸ್ಸೆಲ್ಸಿಯಲ್ಲಿ ಹಲವು ಬಾರಿ ಮುಂದೆ ಇದ್ದವು. 2024ರಲ್ಲಿ ಉಡುಪಿ ಶೇ 94ರೊಂದಿಗೆ ರಾಜ್ಯಕ್ಕೆ ಪ್ರಥಮ, ದಕ್ಷಿಣ ಕನ್ನಡ ಶೇ 92.12ರೊಂದಿಗೆ ದ್ವಿತೀಯ. 2025ರಲ್ಲಿ ಸ್ಥಾನ ಅದಲು ಬದಲಾಯಿತು: ದಕ್ಷಿಣ ಕನ್ನಡ ಶೇ 91.12, ಉಡುಪಿ ಶೇ 89.96. ಹೆಮ್ಮೆಪಡಬೇಕಾದದ್ದೇ. ಆದರೆ 2024ರ ರಾಜ್ಯದ ಫಲಿತಾಂಶವನ್ನು ಸ್ವಲ್ಪ ನೋಡಿ. 2023ರಲ್ಲಿ ಶೇ 83.89 ಇದ್ದದ್ದು ಆ ವರ್ಷ ಶೇ 73.40ಕ್ಕೆ ಇಳಿಯಿತು. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರೇ? ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದ್ದು ಆ ವರ್ಷ. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ ಬಂದ ಫಲಿತಾಂಶ ಅದು.

ಜಿಲ್ಲೆಗೆ ಶೇ 91 ಎಂದರೆ ನೂರರಲ್ಲಿ ಒಂಬತ್ತು ಮಕ್ಕಳು ಬಾಕಿ. ಧರ್ಮಕೇಂದ್ರದ ಹಬ್ಬದಲ್ಲೋ ವಾರ್ಷಿಕ ಸಭೆಯಲ್ಲೋ ನಾವು ಶೇ 90 ದಾಟಿದವರಿಗೆ ಶಾಲು ಹೊದಿಸಿ, ಫಲಕ ಕೊಟ್ಟು ಫೋಟೋ ತೆಗೆಯುತ್ತೇವೆ. ಬಾಕಿಯಾದವರು ಯಾರು, ಯಾವ ವಾಳೆಯವರು ಎಂದು ಎಷ್ಟು ಮಂದಿಗೆ ಗೊತ್ತು? ಆ ಮಕ್ಕಳು ಆದಿತ್ಯವಾರ ಪೂಜೆಗೆ ಬಂದು ಹಿಂದಿನ ಸಾಲಿನಲ್ಲಿ ನಿಂತು ಹೋಗುತ್ತಾರೆ.

ಹೆತ್ತವರು ಮತ್ತು ಧರ್ಮಕೇಂದ್ರದವರು ಏನು ಕೇಳಬೇಕು

ಮಕ್ಕಳ ಮೊದಲ ಶಿಕ್ಷಕರು ಹೆತ್ತವರೇ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಿದ್ದ ಮೇಲೆ ಪ್ರಗತಿ ಪತ್ರಕ್ಕೆ ಸಹಿ ಹಾಕುವುದಷ್ಟೇ ನಮ್ಮ ಕೆಲಸವಲ್ಲ. ಏಳನೇ ತರಗತಿಗಿಂತ ಹೆಚ್ಚು ಓದಿಲ್ಲದ ತಾಯಿಯೂ ಕೇಳಬಹುದಾದ ಪ್ರಶ್ನೆ ಒಂದಿದೆ: “ಟೀಚರ್, ಚಟುವಟಿಕೆ ಬಿಟ್ಟು, ಕುಳಿತು ಬರೆದ ಪರೀಕ್ಷೆಯಲ್ಲಿ ಮಾತ್ರ ಎಷ್ಟು ಬಂದಿದೆ?” ಪ್ರತಿ ವಿಷಯಕ್ಕೂ ಇದನ್ನೇ ಕೇಳಿ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆ ಅಂಕ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೆ, ಮೇಲೆ ಯಾವ ಅಕ್ಷರ ಇದ್ದರೂ, ಮಗುವಿಗೆ ಸಹಾಯ ಬೇಕು ಎಂದೇ ತಿಳಿಯಿರಿ. ಉತ್ತರ ಪತ್ರಿಕೆಯನ್ನು ನೋಡಲು ಕೇಳಿ. ಖಾಲಿ ಬಿಟ್ಟಿದ್ದಾನೋ, ತಪ್ಪು ಬರೆದಿದ್ದಾನೋ, ಪ್ರಶ್ನೆಯೇ ಅರ್ಥವಾಗಿಲ್ಲವೋ, ಅದರಲ್ಲಿ ಗೊತ್ತಾಗುತ್ತದೆ. ಮನೆಯಲ್ಲಿ ಕೊಂಕಣಿ, ಹೊರಗೆ ತುಳು, ಶಾಲೆಯಲ್ಲಿ ಇಂಗ್ಲಿಷ್ ಎಂಬ ಮಗುವಿಗೆ ಅನೇಕ ಸಲ ಗಣಿತದ ಕಷ್ಟಕ್ಕಿಂತ ಪ್ರಶ್ನೆಯ ಭಾಷೆಯ ಕಷ್ಟವೇ ದೊಡ್ಡದು.

ಕೇಳಲು ಸರಿಯಾದ ಸಮಯ ಮೊದಲ ಎಸ್‌ಎ ಮುಗಿದ ಕೂಡಲೇ, ಅಂದರೆ ದಸರಾ ರಜೆಯ ಆಸುಪಾಸು. ಸರಕಾರಿ ಶಾಲೆಗಳಲ್ಲಿ ‘ಸಮುದಾಯದತ್ತ ಶಾಲೆ’ ಎಂಬ ಕಾರ್ಯಕ್ರಮ ಇರುವುದೇ ಮಕ್ಕಳ ಕಲಿಕೆಯನ್ನು ಹೆತ್ತವರ ಮುಂದೆ ಇಡಲು. ಅಂದು ಕೂಲಿ ಬಿಟ್ಟಾದರೂ ಹೋಗಿ. ಅನುದಾನಿತ, ಖಾಸಗಿ ಶಾಲೆಗಳಲ್ಲಿ ಹೆತ್ತವರ ಸಭೆ ಇರುತ್ತದೆ. ಮೀನುಗಾರಿಕೆಗೆ ಹೋಗುವವರಿಗೆ, ಮನೆಕೆಲಸಕ್ಕೆ ಹೋಗುವವರಿಗೆ ಕೆಲಸದ ದಿನದ ಹನ್ನೊಂದು ಗಂಟೆಯ ಸಭೆ ಆಗದ ಮಾತು. ಶಾಲೆಯವರು ಒಂದು ಆದಿತ್ಯವಾರ ಪೂಜೆಯ ನಂತರ ಸಮಯ ಕೊಟ್ಟರೆ ಉಪಕಾರವಾಗುತ್ತದೆ. ಇಗರ್ಜಿಯ ಪಕ್ಕದಲ್ಲೇ ಶಾಲೆ ಇರುವ ಎಷ್ಟೋ ಕಡೆ ಇದು ಕಷ್ಟದ ಕೆಲಸವೇನಲ್ಲ.

ಧರ್ಮಕೇಂದ್ರಗಳಲ್ಲಿ ಟ್ಯೂಷನ್ ನಡೆಸುವವರಿಗೂ ಒಂದು ಮಾತು. ಸಾಮಾನ್ಯವಾಗಿ ಜನವರಿಯಲ್ಲಿ ಹತ್ತನೇ ತರಗತಿಯವರನ್ನು ಸೇರಿಸಿ ಪ್ರಶ್ನೆಪತ್ರಿಕೆ ಬಿಡಿಸುವುದೇ ನಡೆಯುತ್ತದೆ. ಅದು ಬೇಡವೆನ್ನುವುದಿಲ್ಲ. ಆದರೆ ಭಿನ್ನರಾಶಿ ಐದರಲ್ಲಿ ತಪ್ಪಿದ ಮಗುವಿಗೆ ಹತ್ತರ ಜನವರಿ ಬಹಳ ತಡ. ಎಂಟು, ಒಂಬತ್ತರ ಮಕ್ಕಳಲ್ಲಿ ಲಿಖಿತ ಅಂಕ ಕಡಿಮೆ ಇರುವ ನಾಲ್ಕೈದು ಮಂದಿಯನ್ನು ಹುಡುಕಿ, ವಾರಕ್ಕೆ ಎರಡು ಸಂಜೆ ಕುಳ್ಳಿರಿಸಿಕೊಂಡು ಅಡಿಪಾಯ ಕಲಿಸಿದರೆ ಹೆಚ್ಚು ಫಲ. ಐಸಿವೈಎಂನ ಕಾಲೇಜು ಯುವಕ ಯುವತಿಯರಿಗೆ ಇದು ಆಗದ ಕೆಲಸವಲ್ಲ. ವಿದ್ಯಾರ್ಥಿವೇತನದ ಅರ್ಜಿ ನೋಡುವ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಕೂಡ ಒಟ್ಟು ಶೇಕಡಾವಾರಿನ ಜೊತೆ ಲಿಖಿತ ಅಂಕವನ್ನು ಬೇರೆಯಾಗಿ ಬರೆಸಿಕೊಂಡರೆ ಯಾರಿಗೆ ಹಣ ಬೇಕು, ಯಾರಿಗೆ ಕಲಿಸುವವರು ಬೇಕು ಎಂದು ತಿಳಿಯುತ್ತದೆ.

ಇನ್ನು ಈಗಾಗಲೇ ಹತ್ತರಲ್ಲಿರುವವರಿಗೆ. 2024ರಲ್ಲಿ ಪೂರಕ ಪರೀಕ್ಷೆ ಎಂಬ ಹೆಸರು ಹೋಗಿ ವಾರ್ಷಿಕ ಪರೀಕ್ಷೆ 1, 2, 3 ಎಂದು ಮೂರು ಅವಕಾಶಗಳು ಬಂದವು. ಮೊದಲ ಪರೀಕ್ಷೆಯಲ್ಲಿ ಹೋದ ವಿಷಯವನ್ನು ಎರಡನೆಯದರಲ್ಲಿ ಬರೆಯಬಹುದು. ಪಾಸಾದವರು ಅಂಕ ಹೆಚ್ಚಿಸಿಕೊಳ್ಳಲೂ ಬರೆಯಬಹುದು, ಉತ್ತಮವಾದ ಅಂಕವನ್ನೇ ಉಳಿಸಿಕೊಳ್ಳುತ್ತಾರೆ. ಎರಡನೆಯ ಪರೀಕ್ಷೆ ಕೆಲವೇ ವಾರಗಳಲ್ಲಿ ಬರುವುದರಿಂದ, ಫಲಿತಾಂಶದ ದಿನ ಮನೆಯಲ್ಲಿ ಅಳು, ಬೈಗುಳದಲ್ಲಿ ಸಮಯ ಕಳೆಯಬೇಡಿ. ಮಗುವನ್ನು ಅಂದು ಒಂಟಿಯಾಗಿ ಬಿಡಲೂ ಬೇಡಿ. ಬಂದ ಅಂಕದ ಬಗ್ಗೆ ಸಂಶಯವಿದ್ದರೆ ಮಂಡಳಿಯಿಂದ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿಕೊಂಡು, ಆಮೇಲೆ ಮರು ಎಣಿಕೆಗೋ ಮರು ಮೌಲ್ಯಮಾಪನಕ್ಕೋ ಅರ್ಜಿ ಹಾಕಬಹುದು. ಇದಕ್ಕೆ ಸಿಗುವ ದಿನಗಳು ಬಹಳ ಕಡಿಮೆ. ಕೊನೆಯ ದಿನಾಂಕ ಯಾವುದೆಂದು ಫಲಿತಾಂಶ ಬಂದ ದಿನವೇ ಮುಖ್ಯೋಪಾಧ್ಯಾಯರಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.